ಬಿಲ್ಲಿ ಐಲಿಶ್ ಅವರ ಮೊದಲ ಆಲ್ಬಮ್: ಕೋಣೆಯೊಳಗೆ ಆದದ್ದೆಷ್ಟು, ಹೊರಗೆ ಆದದ್ದೆಷ್ಟು?

ಕಡಲಂಚು:

2019ರ ಮಾರ್ಚ್ 29ರಂದು ಬಿಡುಗಡೆಯಾದ ‘ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?’ ಆಲ್ಬಮ್ಮಿನ ಬಗ್ಗೆ ಯಾರೇ ಬರೆಯಲಿ, ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಒಂದು ಮಲಗುವ ಕೋಣೆ ಬಂದೇ ಬರುತ್ತದೆ. ಲಾಸ್ ಏಂಜಲೀಸ್ ನಗರದ ಹೈಲ್ಯಾಂಡ್ ಪಾರ್ಕ್ ಬಡಾವಣೆಯ ಸಣ್ಣ ಮನೆ, ಅಲ್ಲಿ ಆಲ್ಬಮ್ಮಿನ ನಿರ್ಮಾಪಕನೂ ಆದ ಅಣ್ಣ ಫಿನಿಯಸ್ ಓಕಾನೆಲ್ ಅವರ ಕೋಣೆ, ಆ ಕೋಣೆಯ ಮಂಚದ ಮೇಲೆ ಕುಳಿತು ಹಾಡುವ ತಂಗಿ ಬಿಲ್ಲಿ ಐಲಿಶ್. ಬಿಡುಗಡೆಯ ದಿನ ತಂಗಿಗೆ 17 ವರ್ಷ, ಅಣ್ಣನಿಗೆ 21. ಮರುವರ್ಷದ ಜನವರಿಯಲ್ಲಿ ಗ್ರ್ಯಾಮಿ ಸಮಾರಂಭದಲ್ಲಿ ಇದು ವರ್ಷದ ಆಲ್ಬಮ್ ಎನಿಸಿಕೊಂಡಿತು. ಅದೇ ಸಮಾರಂಭದಲ್ಲಿ ಶಾಸ್ತ್ರೀಯೇತರ ವಿಭಾಗದ ಅತ್ಯುತ್ತಮ ಧ್ವನಿ ಎಂಜಿನಿಯರಿಂಗ್ ಪ್ರಶಸ್ತಿಯೂ ಇದಕ್ಕೇ ಸಂದಿತು.

ಈ ಎರಡನೆಯ ಪ್ರಶಸ್ತಿಯೇ ನನ್ನನ್ನು ಈ ಚರ್ಚೆ ಆರಂಭಿಸಲು ಪ್ರೇರೇಪಿಸಿದ್ದು. ಧ್ವನಿಯ ಗುಣಮಟ್ಟಕ್ಕಾಗಿಯೇ ಇರುವ ಪ್ರಶಸ್ತಿಯೊಂದು ಮನೆಯಲ್ಲಿ ಮುದ್ರಿಸಿದ ಕೃತಿಗೆ ಹೋಯಿತೆಂದರೆ, ಕೋಣೆಯ ಕಥೆ ಬರಿಯ ಪ್ರಚಾರದ ಮಾತಲ್ಲ ಎಂದು ಒಂದು ಕಡೆ ಅನ್ನಿಸುತ್ತದೆ. ಇನ್ನೊಂದು ಕಡೆ, ದೊಡ್ಡ ಕಂಪನಿಯೊಂದು ಹೊರತಂದ ಆಲ್ಬಮ್ಮಿನ ಸುತ್ತ ಹಬ್ಬುವ ಕಥೆಗಳನ್ನು ಹಾಗೆಯೇ ನಂಬುವುದೂ ಸರಿಯಲ್ಲ. ಆದ್ದರಿಂದ ಕೇಳುತ್ತೇನೆ: ಮನೆಯಲ್ಲಿ ಮಾಡಿದ್ದರಿಂದ ಈ ಹಾಡುಗಳಿಗೆ ನಿಜವಾಗಿ ಸಿಕ್ಕಿದ್ದೇನು, ಮತ್ತು ಕೋಣೆಯ ಬಾಗಿಲಿನ ಆಚೆ ಏನೇನು ನಡೆಯಿತು? ಗಾಯಕಿಯ ಉಡುಗೆ, ಕೂದಲಿನ ಬಣ್ಣ, ವೈಯಕ್ತಿಕ ಬದುಕು ಇವುಗಳನ್ನು ದಯವಿಟ್ಟು ಬದಿಗಿಟ್ಟು ಮಾತನಾಡೋಣ.

ಸದ್ದುಗಾರ:

ಬೆಂಗಳೂರಿನಲ್ಲಿ ಧ್ವನಿಮುದ್ರಣವೇ ನನ್ನ ಕಸುಬು, ಹಾಗಾಗಿ ಸಲಕರಣೆಗಳಿಂದಲೇ ಶುರುಮಾಡುತ್ತೇನೆ. ಫಿನಿಯಸ್ ತಮ್ಮ ಕೋಣೆಯಲ್ಲಿ ಬಳಸಿದ್ದು ಧ್ವನಿಮುದ್ರಣದ ಲಾಜಿಕ್ ಪ್ರೋ ತಂತ್ರಾಂಶ, ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಯೂನಿವರ್ಸಲ್ ಆಡಿಯೋ ಕಂಪನಿಯ ಅಪೋಲೊ 8 ಇಂಟರ್‌ಫೇಸ್, ಯಮಾಹಾದ ಎಚ್‌ಎಸ್5 ಸ್ಪೀಕರ್‌ಗಳು ಮತ್ತು ಅವುಗಳ ಜೊತೆಗೆ ತೀರ ಕೆಳಗಿನ ಸ್ವರಗಳನ್ನು ಕೇಳಿಸುವ ಒಂದು ಸಬ್‌ವೂಫರ್. ಇವುಗಳಲ್ಲಿ ಯಾವುದೂ ಕಸದಂಥದ್ದಲ್ಲ, ಯಾವುದೂ ಅಪರೂಪದ್ದೂ ಅಲ್ಲ. ಎಚ್‌ಎಸ್5 ಸ್ಪೀಕರ್‌ಗಳನ್ನು ನಮ್ಮೂರಿನ ಎಷ್ಟೋ ಮನೆ ಸ್ಟುಡಿಯೋಗಳಲ್ಲಿ ಕಾಣಬಹುದು. ಆದ್ದರಿಂದ ಈ ಆಲ್ಬಮ್ಮಿನ ಗುಟ್ಟು ಸಲಕರಣೆಯ ಪಟ್ಟಿಯಲ್ಲಿದೆ ಎಂದು ಹುಡುಕಲು ಹೋದವರಿಗೆ ನಿರಾಸೆಯಾಗುತ್ತದೆ.

ಸಿಗುವುದು ದನಿಯಲ್ಲಿ. ಬಾಡಿಗೆಯ ಸ್ಟುಡಿಯೋದಲ್ಲಿ ಗಾಯಕಿ ಗಾಜಿನ ಆಚೆ ಒಬ್ಬಳೇ ನಿಲ್ಲುತ್ತಾಳೆ, ಈಚೆ ಮೂರು ನಾಲ್ಕು ಜನ ಅವಳನ್ನೇ ನೋಡುತ್ತಿರುತ್ತಾರೆ, ಗಂಟೆಯ ಲೆಕ್ಕದಲ್ಲಿ ಹಣ ಓಡುತ್ತಿರುತ್ತದೆ. ಅಲ್ಲಿ ಯಾರಿಗಾದರೂ ತಾನಾಗಿಯೇ ಗಂಟಲು ತೆರೆದು, ‘ಪ್ರದರ್ಶನ’ ಕೊಡಬೇಕು ಅನ್ನಿಸುತ್ತದೆ. ಮಂಚದ ಮೇಲೆ ಕುಳಿತು, ಎರಡು ಮಾರು ದೂರದಲ್ಲಿರುವ ಅಣ್ಣನೆದುರು ಹಾಡುವವರಿಗೆ ದನಿ ಏರಿಸುವ ಕಾರಣವೇ ಇರುವುದಿಲ್ಲ. ಬಿಲ್ಲಿ ಹಾಡುವುದು ಬಹುಪಾಲು ಪಿಸುಮಾತಿಗೂ ಮಾತಿಗೂ ನಡುವಿನ ಮಟ್ಟದಲ್ಲಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಿಂದ. ಹೀಗೆ ಹಾಡಿದಾಗ ಉಸಿರು, ನಾಲಿಗೆಯ ಸದ್ದು, ಪದದ ಕೊನೆಯ ವ್ಯಂಜನ ಎಲ್ಲವೂ ದೊಡ್ಡದಾಗಿ ಕೇಳುತ್ತವೆ. ಸಾಮಾನ್ಯವಾಗಿ ನಾವು ಇವನ್ನೆಲ್ಲ ಅಳಿಸಿಹಾಕುತ್ತೇವೆ; ಇಲ್ಲಿ ಅವನ್ನೇ ಉಳಿಸಿಕೊಂಡಿದ್ದಾರೆ. ಅಷ್ಟೇ ಅಲ್ಲ, ಆ ಸಣ್ಣ ದನಿಗೆ ಜಾಗ ಸಿಗಲೆಂದು ವಾದ್ಯಗಳನ್ನು ಕಡಿಮೆ ಮಾಡಿದ್ದಾರೆ. ‘ಬ್ಯಾಡ್ ಗೈ’ ಹಾಡಿನ ಚರಣಗಳಲ್ಲಿ ಬೇಸ್ (ಕೆಳಸ್ವರದ ಗುಂಗು), ತಾಳ, ಚಿಟಿಕೆಯಂಥ ಸದ್ದು, ದನಿ ಇವಿಷ್ಟನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಪಲ್ಲವಿ ಬರಬೇಕಾದ ಜಾಗದಲ್ಲಿ ಹಾಡುಗಾರಿಕೆಯ ಬದಲು ಕೀಬೋರ್ಡಿನ ಒಂದು ಪುಟ್ಟ ಎಳೆ ಬರುತ್ತದೆ. ಕೊನೆಗೆ ಲಯವೇ ಇಳಿದು ಇನ್ನೊಂದು ಹಾಡಿನಂತೆ ಮುಗಿಯುತ್ತದೆ.

‘ವೆನ್ ದ ಪಾರ್ಟೀಸ್ ಓವರ್’ ಇದರ ಇನ್ನೊಂದು ಮುಖ. ಅದನ್ನು ಬರೆದದ್ದು ಫಿನಿಯಸ್ ಒಬ್ಬರೇ. ಕೇಳಲು ಒಂಟಿ ದನಿಯೆನಿಸುವ ಆ ಹಾಡಿನಲ್ಲಿ ಅದೇ ಗಾಯಕಿಯ ದನಿಯ ಪದರಗಳು ಒಂದರ ಮೇಲೊಂದು ಕುಳಿತಿವೆ. ಇಂಥ ಕೆಲಸಕ್ಕೆ ಬೇಕಾದ್ದು ದುಬಾರಿ ಗೋಡೆಗಳಲ್ಲ, ಬೇಸರವಿಲ್ಲದೆ ಮತ್ತೆ ಮತ್ತೆ ಹಾಡಿಸುವಷ್ಟು ಸಮಯ. ಮನೆ ಕೊಟ್ಟದ್ದು ಆ ಸಮಯವನ್ನು. ಬಹಳಷ್ಟು ಸ್ಟುಡಿಯೋಗಳಲ್ಲಿ ಹಗಲಿನ ಬೆಳಕೇ ಇರುವುದಿಲ್ಲ ಎಂಬುದೂ ತಾವು ಮನೆಯಲ್ಲಿ ಕೆಲಸ ಮಾಡಲು ಒಂದು ಕಾರಣವೆಂದು ಫಿನಿಯಸ್ ಹೇಳಿದ್ದುಂಟು. ದಿನವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುವ ನನಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಕಡಲಂಚು ಅವರು ಕೇಳಿದ ಎಂಜಿನಿಯರಿಂಗ್ ಪ್ರಶಸ್ತಿಯ ವಿಷಯ. ಅದನ್ನು ಪಡೆದವರು ಮೂವರು: ಫಿನಿಯಸ್, ಮಿಕ್ಸಿಂಗ್ (ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವುದು) ಮಾಡಿದ ರಾಬ್ ಕಿನೆಲ್‌ಸ್ಕಿ, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಗೆ ಕೊನೆಯ ಹದ ಕೊಡುವುದು) ಮಾಡಿದ ಜಾನ್ ಗ್ರೀನ್‌ಹ್ಯಾಮ್. ಎಂದರೆ ಕೋಣೆಯಲ್ಲಿ ಮುದ್ರಿತವಾದದ್ದು ಅಲ್ಲಿಂದಲೇ ನೇರವಾಗಿ ನಮ್ಮ ಕಿವಿಗೆ ಬಂದಿಲ್ಲ. ಪಿಸುದನಿಯ ಕೆಳಗೇ ಕಿಟಕಿಗಳನ್ನು ಅದುರಿಸುವಂಥ ಬೇಸ್ ಇಟ್ಟು, ಎರಡೂ ಒಂದನ್ನೊಂದು ನುಂಗದಂತೆ ನೋಡಿಕೊಳ್ಳುವುದು ನುರಿತವರ ಕೆಲಸ. ಮನೆಯಲ್ಲಿ ಮುದ್ರಿಸಿದ ಆಲ್ಬಮ್ ಎಂದಾಗ ಈ ಇಬ್ಬರ ಹೆಸರು ಬಿಟ್ಟುಹೋಗುತ್ತದೆ. ನನ್ನ ಕಸುಬಿನವರಿಗೆ ಅದು ತುಸು ಚುಚ್ಚುತ್ತದೆ.

ಅಡ್ಡಗೆರೆ:

ಸದ್ದುಗಾರರು ಬಾಗಿಲಿನ ಆಚೆಗಿನ ಇಬ್ಬರನ್ನು ಹೆಸರಿಸಿದರು. ನಾನು ಇನ್ನಷ್ಟು ಹೆಸರಿಸುತ್ತೇನೆ. ತಂದೆ ಪ್ಯಾಟ್ರಿಕ್ ಓಕಾನೆಲ್ ಮತ್ತು ತಾಯಿ ಮ್ಯಾಗಿ ಬೇರ್ಡ್ ಇಬ್ಬರೂ ನಟರು. ದೊಡ್ಡ ತಾರೆಯರಲ್ಲ ನಿಜ, ಆದರೆ ಅಮೆರಿಕದ ಮನರಂಜನಾ ಉದ್ಯಮ ಬೀಡುಬಿಟ್ಟಿರುವ ನಗರದಲ್ಲೇ, ಆ ಉದ್ಯಮದ ನಡೆನುಡಿ ಗೊತ್ತಿದ್ದ ಮನೆ ಅದು. ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲೇ ಓದಿದರು. ತಾಯಿ ಮಕ್ಕಳಿಗೆ ಹಾಡು ಬರೆಯುವುದನ್ನು ಕಲಿಸಿದವರು. ಬಿಲ್ಲಿ ಎಂಟನೆಯ ವಯಸ್ಸಿನಿಂದ ಲಾಸ್ ಏಂಜಲೀಸ್ ಮಕ್ಕಳ ವೃಂದಗಾನ ತಂಡದಲ್ಲಿ ಹಾಡಿದವರು. ಇವನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ‘ಏನೂ ಇಲ್ಲದೆ ಎಲ್ಲಿಂದಲೋ ಬಂದವರು’ ಎಂಬ ಚಿತ್ರ ಪೂರ್ಣವಲ್ಲ ಎಂದಷ್ಟೇ ನನ್ನ ವಾದ.

ಕಾಲದ ಲೆಕ್ಕವನ್ನೂ ನೋಡಿ. ‘ಓಷನ್ ಐಸ್’ ಹಾಡನ್ನು ಫಿನಿಯಸ್ ತಮ್ಮ ಬ್ಯಾಂಡಿಗಾಗಿ ಬರೆದಿದ್ದರು. ತಂಗಿಯ ನೃತ್ಯಶಿಕ್ಷಕರು ನೃತ್ಯ ಸಂಯೋಜನೆಗೆ ಒಂದು ಹಾಡು ಬೇಕೆಂದಾಗ ಅದನ್ನು ಬಿಲ್ಲಿಯಿಂದ ಹಾಡಿಸಿ, 2015ರ ನವೆಂಬರಿನಲ್ಲಿ ಹಾಡು ಹಂಚಿಕೊಳ್ಳುವ ಜಾಲತಾಣ ಸೌಂಡ್‌ಕ್ಲೌಡಿಗೆ ಏರಿಸಿದರು. ಆಗ ಬಿಲ್ಲಿಗೆ 13 ವರ್ಷ. ಅದು ಹಬ್ಬಿತು. 2016ರಲ್ಲಿ ಡಾರ್ಕ್‌ರೂಮ್ ಮತ್ತು ಇಂಟರ್‌ಸ್ಕೋಪ್ ಎಂಬ ಧ್ವನಿಮುದ್ರಿಕೆ ಕಂಪನಿಗಳೊಂದಿಗೆ ಒಪ್ಪಂದವಾಯಿತು, ಅದೇ ಹಾಡು ಮತ್ತೆ ಅಧಿಕೃತವಾಗಿ ಹೊರಬಂತು. 2017ರ ಆಗಸ್ಟಿನಲ್ಲಿ ‘ಡೋಂಟ್ ಸ್ಮೈಲ್ ಅಟ್ ಮಿ’ ಎಂಬ ಕಿರು ಆಲ್ಬಮ್ ಬಂತು. 2018ರಲ್ಲಿ ಗಾಯಕ ಖಾಲಿದ್ ಜೊತೆ ಹಾಡಿದ ‘ಲವ್ಲಿ’ ಒಂದು ಟಿವಿ ಸರಣಿಯ ಸಂಗೀತ ಸಂಗ್ರಹದಲ್ಲಿ ಸೇರಿತು. ಆಲ್ಬಮ್ ಬರುವಷ್ಟರಲ್ಲಿ ಮೊದಲ ಹಾಡಿಗೆ ಮೂರು ವರ್ಷ ದಾಟಿತ್ತು. ಇಷ್ಟು ದಿನ ಒಬ್ಬ ಹದಿಹರೆಯದ ಗಾಯಕಿಯನ್ನು ಅವಸರಪಡಿಸದೆ, ಹೊರಗಿನ ಹಾಡುಬರಹಗಾರರನ್ನು ಹೇರದೆ ಕಾದದ್ದು ಒಂದು ವ್ಯವಹಾರದ ನಿರ್ಧಾರ. ಕೋಣೆಯ ಸ್ವಾತಂತ್ರ್ಯವನ್ನು ಹೊರಗಿನಿಂದ ಯಾರೋ ಕಾಪಾಡಿದ್ದರು ಎನ್ನುವುದನ್ನು ಮರೆಯಬಾರದು.

ಹಾಡುಗಳನ್ನು ಒಂದೊಂದಾಗಿ ಬಿಟ್ಟ ಬಗೆಯೂ ಲೆಕ್ಕಾಚಾರದ್ದೇ. ‘ಯು ಶುಡ್ ಸೀ ಮಿ ಇನ್ ಅ ಕ್ರೌನ್’ 2018ರ ಜುಲೈನಲ್ಲಿ ಬಂತು, ‘ವೆನ್ ದ ಪಾರ್ಟೀಸ್ ಓವರ್’ ಅಕ್ಟೋಬರಿನಲ್ಲಿ, ‘ಬರಿ ಅ ಫ್ರೆಂಡ್’ 2019ರ ಜನವರಿ ಕೊನೆಯಲ್ಲಿ, ‘ವಿಶ್ ಯು ವರ್ ಗೇ’ ಮಾರ್ಚ್ ಮೊದಲ ವಾರದಲ್ಲಿ. ಒಂದು ಸೊಕ್ಕಿನ ಹಾಡು, ಒಂದು ಮೆಲುದನಿಯ ಹಾಡು, ಒಂದು ಹೆದರಿಸುವ ಹಾಡು ಎಂದು ಮೂರು ಬಗೆಯ ಕೇಳುಗರನ್ನು ಮೊದಲೇ ಸೇರಿಸಿಕೊಂಡು, ಆಮೇಲೆ ಇಡೀ ಆಲ್ಬಮ್ ಬಿಟ್ಟರು.

ತಂಬೂರಿ:

ನಾನು ಉದ್ಯಮದವಳಲ್ಲ. ಮೈಸೂರಿನಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಈ ಆಲ್ಬಮ್ಮನ್ನು ಕೇಳಿಸಿದ್ದು ನನ್ನ ವಿದ್ಯಾರ್ಥಿನಿಯರು. ನಮ್ಮಲ್ಲಿ ಮಾತು ಸ್ಪಷ್ಟವಾಗಿರಬೇಕು, ಸಾಹಿತ್ಯ ಮೇಲೆ ತೇಲಬೇಕು ಎಂದು ಪಾಠ ಹೇಳುತ್ತೇವೆ. ಇಲ್ಲಿ ಗಾಯಕಿ ಪದಗಳನ್ನು ಅರ್ಧ ನುಂಗುತ್ತಾಳೆ. ಆದರೆ ಶ್ರುತಿ ಎಲ್ಲಿಯೂ ಕದಲುವುದಿಲ್ಲ. ಇಷ್ಟು ಕೆಳದನಿಯಲ್ಲಿ, ಇಷ್ಟು ಉಸಿರು ಬಿಟ್ಟು ಹಾಡುತ್ತ ಶ್ರುತಿಯಲ್ಲಿ ನಿಲ್ಲುವುದು ಗಟ್ಟಿಯಾಗಿ ಹಾಡುವುದಕ್ಕಿಂತ ಕಷ್ಟ. ಅಡ್ಡಗೆರೆಯವರು ಹೇಳಿದ ವೃಂದಗಾನದ ತರಬೇತಿ ನನಗೆ ಕೇಳಿಸುವುದು ಅಲ್ಲಿಯೇ. ಪದರ ಪದರವಾಗಿ ತನ್ನ ದನಿಗೆ ತಾನೇ ಜೊತೆಗೂಡುವಾಗ ಪ್ರತಿ ಪದರವೂ ಸ್ವರದ ನೆತ್ತಿಯ ಮೇಲೆ ಕುಳಿತಿದೆ. ಸಂಜೆಯ ಸಂಗೀತ ತರಗತಿಗೆ ಮಗುವನ್ನು ಕಳಿಸುವ ತಂದೆತಾಯಿಯರು ಕೋಣೆಯ ಕಥೆಯಲ್ಲಿ ಈ ಭಾಗವನ್ನೂ ಓದಬೇಕು.

ನನ್ನ ತಕರಾರು ಸದ್ದುಗಳ ಬಗ್ಗೆ. ಈ ಆಲ್ಬಮ್ಮಿನಲ್ಲಿ ಸುತ್ತಲಿನ ಸದ್ದುಗಳನ್ನು ತುಂಬ ಬಳಸಿದ್ದಾರೆ. ಬಿಲ್ಲಿ ಸಿಡ್ನಿಯಲ್ಲಿ ರಸ್ತೆ ದಾಟುವವರಿಗೆ ಸೂಚನೆ ಕೊಡುವ ಸಿಗ್ನಲ್ಲಿನ ಟಕಟಕ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡದ್ದು ‘ಬ್ಯಾಡ್ ಗೈ’ ಹಾಡಿನ ತಾಳದೊಳಗೆ ಸೇರಿದೆ. ದಂತವೈದ್ಯರ ಡ್ರಿಲ್ ಯಂತ್ರದ ಸದ್ದು ‘ಬರಿ ಅ ಫ್ರೆಂಡ್’ ಹಾಡಿನಲ್ಲಿದೆ. ಇವೆರಡೂ ಬಹಳ ಚೆನ್ನಾಗಿವೆ, ಯಾಕೆಂದರೆ ಹೇಳದಿದ್ದರೆ ಅವು ಏನೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ಲಯವಾಗಿದೆ, ಇನ್ನೊಂದು ಮೈ ಜುಂ ಎನ್ನಿಸುತ್ತದೆ, ಅಷ್ಟೇ. ಆದರೆ ‘ವಿಶ್ ಯು ವರ್ ಗೇ’ ಹಾಡಿನಲ್ಲಿ ಪ್ರೇಕ್ಷಕರ ನಗು ಮತ್ತು ಚಪ್ಪಾಳೆ ಹಾಕಿದ್ದಾರೆ, ‘ಮೈ ಸ್ಟ್ರೇಂಜ್ ಅಡಿಕ್ಷನ್’ ಹಾಡಿನ ನಡುನಡುವೆ ‘ದಿ ಆಫೀಸ್’ ಎಂಬ ಹಾಸ್ಯ ಧಾರಾವಾಹಿಯ ಸಂಭಾಷಣೆಗಳನ್ನು ಸೇರಿಸಿದ್ದಾರೆ. ಅಲ್ಲಿ ಒಗ್ಗರಣೆಯೇ ಅಡುಗೆಯಾಗಿಬಿಟ್ಟಿದೆ. ಆ ಧಾರಾವಾಹಿಯನ್ನು ನೋಡಿರದ ನನ್ನಂಥವರಿಗೆ ಯಾರೋ ಪಕ್ಕದ ಕೋಣೆಯಲ್ಲಿ ಟಿವಿ ಹಚ್ಚಿಟ್ಟು ಹೋದಂತೆ ಕೇಳಿಸುತ್ತದೆ.

ಸದ್ದುಗಾರ:

ತಂಬೂರಿಯವರೇ, ತಮ್ಮ ಕೊನೆಯ ಮಾತನ್ನು ಆ ಅಣ್ಣತಂಗಿ ಹೊಗಳಿಕೆಯೆಂದೇ ತೆಗೆದುಕೊಂಡಾರು. ಮನೆಯಲ್ಲಿ ಟಿವಿ ಓಡುತ್ತಲೇ ಇರುತ್ತದೆ, ಆ ಧಾರಾವಾಹಿಯನ್ನು ಅವರು ಮತ್ತೆ ಮತ್ತೆ ನೋಡಿದವರು. ಆದರೆ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಸದ್ದು ಸಂಗೀತವಾಗಿ ಮಾರ್ಪಟ್ಟರೆ ಒಂದು, ಗುರುತಾಗಿಯೇ ಉಳಿದರೆ ಇನ್ನೊಂದು. ಅಂದ ಹಾಗೆ, ಆ ಸಂಭಾಷಣೆಗಳನ್ನು ಬಳಸಲು ಅನುಮತಿ ಪಡೆಯಬೇಕಾಗಿತ್ತು. ಅಂಥ ಅನುಮತಿಯನ್ನು ಕೋಣೆಯಲ್ಲಿ ಕುಳಿತು ಒಂದು ಸಂದೇಶ ಕಳಿಸಿ ಪಡೆಯಲಾಗುವುದಿಲ್ಲ, ಅದರ ಹಿಂದೆ ವಕೀಲರು ಇರುತ್ತಾರೆ. ಇಲ್ಲಿ ಅಡ್ಡಗೆರೆಯವರ ಮಾತನ್ನು ಒಪ್ಪುತ್ತೇನೆ.

ಸದ್ದು ಮತ್ತು ಅರ್ಥ ಒಂದಾದ ಅತ್ಯುತ್ತಮ ಉದಾಹರಣೆ ನನ್ನ ಮಟ್ಟಿಗೆ ‘ಜ್ಯಾನಿ’ (xanny). ಆತಂಕ ತಗ್ಗಿಸುವ ಮಾತ್ರೆಯನ್ನು ನಶೆಗಾಗಿ ನುಂಗುವ ಗೆಳೆಯರ ನಡುವೆ ಸುಮ್ಮನೆ ಕುಳಿತ ಹುಡುಗಿಯ ಹಾಡು ಅದು. ಚರಣ ಹಳೆಯ ಕಾಲದ ಮೆದು ಹಾಡಿನಂತೆ ಸಾಗುತ್ತದೆ. ಪಲ್ಲವಿ ಬಂದಾಗ ಬೇಸ್ ಬಿರಿದು ದನಿಯನ್ನೂ ನಡುಗಿಸುತ್ತದೆ. ಪಕ್ಕದವರು ಮುಖಕ್ಕೆ ಸಿಗರೇಟಿನ ಹೊಗೆ ಬಿಟ್ಟ ಅನುಭವ ಆ ಸದ್ದಿನಲ್ಲಿ ಬರಬೇಕೆಂದು ಅವರು ಬಯಸಿದ್ದರು. ಸ್ಪೀಕರ್ ಕೆಟ್ಟಿದೆಯೇನೋ ಎಂದು ಕೇಳುಗರು ಅನುಮಾನಿಸುವಂಥ ಸದ್ದನ್ನು ಒಂದು ಮೊದಲ ಆಲ್ಬಮ್ಮಿನ ಮೂರನೆಯ ಹಾಡಿನಲ್ಲಿ ಇಡಲು ಧೈರ್ಯ ಬೇಕು. ಹೊರಗಿನ ನಿರ್ಮಾಪಕರು ಕೋಣೆಯಲ್ಲಿದ್ದಿದ್ದರೆ ಯಾರಾದರೂ ಒಬ್ಬರು ‘ಇದು ಬೇಡ’ ಎಂದೇ ಎನ್ನುತ್ತಿದ್ದರು.

ಪುಟಬದಿ:

ಇದುವರೆಗೆ ಸದ್ದಿನ ಮಾತಾಯಿತು. ಬರಹದ ಕಡೆಗೂ ಸ್ವಲ್ಪ ಗಮನ ಬೇಕು. ಯಾಕೆಂದರೆ ಮಲಗುವ ಕೋಣೆ ಎಂಬುದು ಈ ಆಲ್ಬಮ್ಮಿನ ಮುದ್ರಣ ಸ್ಥಳವಷ್ಟೇ ಅಲ್ಲ, ಅದರ ವಸ್ತುವೂ ಹೌದು. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಎಚ್ಚರವಾದರೂ ಕೈಕಾಲು ಆಡದ ಸ್ಥಿತಿ, ಕನಸೆಂದು ಗೊತ್ತಿದ್ದೂ ಕಾಣುವ ಕನಸು ಇವು ಬಿಲ್ಲಿಗೆ ಚಿಕ್ಕಂದಿನಿಂದ ಪರಿಚಿತ. ‘ಬರಿ ಅ ಫ್ರೆಂಡ್’ ಹಾಡನ್ನು ಅವರು ಬರೆದದ್ದು ಮಂಚದ ಕೆಳಗಿನ ಭೂತದ ಬಾಯಲ್ಲಿ. ಆಲ್ಬಮ್ಮಿನ ಹೆಸರು ಹುಟ್ಟಿದ್ದು ಅದೇ ಹಾಡಿನ ಒಂದು ಸಾಲಿನಿಂದ. ಮಂಚದ ಮೇಲೆ ಕುಳಿತು ಹಾಡಿದ ಹುಡುಗಿ ಮಂಚದ ಕೆಳಗಿನದ್ದಕ್ಕೆ ದನಿ ಕೊಟ್ಟಳು ಎಂದರೆ, ಸ್ಥಳ ಮತ್ತು ವಸ್ತುವನ್ನು ಬೇರೆ ಮಾಡಿ ನೋಡುವುದೇ ಕಷ್ಟ.

ಮುಖಪುಟದ ಚಿತ್ರದಲ್ಲಿಯೂ ಮಂಚವೇ ಇದೆ. ಕತ್ತಲೆಯ ನಡುವೆ ಹಾಸಿಗೆಯ ಅಂಚಿನಲ್ಲಿ, ಬಿಳಿ ಬಟ್ಟೆಯಲ್ಲಿ, ಕಣ್ಣಾಲಿಯೇ ಕಾಣದ ಬಿಳಿಗಣ್ಣುಗಳಲ್ಲಿ ಆಕೆ ಕುಳಿತಿದ್ದಾಳೆ. ಛಾಯಾಗ್ರಾಹಕ ಕೆನೆತ್ ಕಪೆಲ್ಲೊ ಆ ಚಿತ್ರವನ್ನು ತೆಗೆದದ್ದು 2018ರ ಡಿಸೆಂಬರಿನಲ್ಲಿ, ಬಿಲ್ಲಿಯ 17ನೆಯ ಹುಟ್ಟುಹಬ್ಬದಂದು. ಅದು ಸ್ಟುಡಿಯೋದಲ್ಲಿ ಕಟ್ಟಿದ ಮಂಚ ಎಂದು ಅಡ್ಡಗೆರೆಯವರು ಖಂಡಿತ ನೆನಪಿಸುತ್ತಾರೆ, ನೆನಪಿಸಲಿ.

ಹಾಡುಗಳ ಕ್ರಮವನ್ನು ಗಮನಿಸಿ. ಒಟ್ಟು 14 ಟ್ರ್ಯಾಕ್‌ಗಳು, ಸುಮಾರು 43 ನಿಮಿಷ. ಮೊದಲನೆಯದು ಹಾಡೇ ಅಲ್ಲ: ಹಲ್ಲು ನೇರ ಮಾಡುವ ಪಾರದರ್ಶಕ ಪಟ್ಟಿಯನ್ನು ಬಾಯಿಂದ ಎಳೆದು ತೆಗೆಯುವ ಲೊಚಲೊಚ ಸದ್ದು, ಅದನ್ನು ತೆಗೆದಾಯಿತು, ಆಲ್ಬಮ್ ಇದೇ ಎಂಬ ಘೋಷಣೆ, ಅಣ್ಣತಂಗಿಯರ ನಗು. ಅಷ್ಟು ಹುಡುಗಾಟದಿಂದ ಆರಂಭವಾದದ್ದು ಕೊನೆಗೆ ತಲುಪುವ ಜಾಗ ಬೇರೆಯೇ. ಕೊನೆಯ ಮೂರು ಹಾಡುಗಳ ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ವಾಕ್ಯವಾಗುತ್ತದೆ: ನಾನು ಹೋಗುವ ಮುನ್ನ ಕೇಳು, ನಿನ್ನನ್ನು ಪ್ರೀತಿಸುತ್ತೇನೆ, ವಿದಾಯ. ಮೂರರಲ್ಲಿ ಮೊದಲನೆಯದು ಬದುಕು ಮುಗಿಸಿಕೊಳ್ಳಲು ಮಾಳಿಗೆಯ ಮೇಲೆ ನಿಂತವರ ದನಿಯಲ್ಲಿದೆ. ಎಳೆಯ ಕೇಳುಗರಿಗೆ ಇದನ್ನು ಕೊಡಬಹುದೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು, ಈಗಲೂ ನ್ಯಾಯವಾದದ್ದೇ. ನನಗೆ ಆ ಹಾಡಿನಲ್ಲಿ ಸಾವಿನ ಬೆಡಗು ಕಾಣುವುದಿಲ್ಲ, ದಣಿವು ಕಾಣುತ್ತದೆ. ಆದರೆ ಹದಿಮೂರರ ಮಗಳಿದ್ದವರು ಇದನ್ನು ಅವಳ ಜೊತೆಗೇ ಕುಳಿತು ಕೇಳುವುದು ಒಳ್ಳೆಯದು.

ಕೊನೆಯ ‘ಗುಡ್‌ಬೈ’ ಇಡೀ ಆಲ್ಬಮ್ಮಿನ ಹಾಡುಗಳಿಂದ ಒಂದೊಂದು ಸಾಲನ್ನು ಹಿಂದಿನಿಂದ ಮುಂದಕ್ಕೆ ಆರಿಸಿಕೊಂಡು ಕಟ್ಟಿದ ಹಾಡು. ಅದರ ಕೊನೆಯ ಸಾಲು ‘ಬ್ಯಾಡ್ ಗೈ’ನದ್ದು. ಜನ ಹಾಡುಗಳನ್ನು ಬಿಡಿಬಿಡಿಯಾಗಿ ಆರಿಸಿ ಕೇಳುವ ಕಾಲದಲ್ಲಿ, ಕ್ರಮವಾಗಿ ಕೇಳಿದವರಿಗೆ ಮಾತ್ರ ಅರ್ಥವಾಗುವ ಇಂಥದ್ದೊಂದನ್ನು ಕಟ್ಟಿದ್ದು ನನಗೆ ಮೆಚ್ಚುಗೆಯಾದ ಸಂಗತಿ.

ಅಡ್ಡಗೆರೆ:

ಪುಟಬದಿಯವರು ಹೇಳಿದ ಮಂಚವನ್ನು ನಾನು ಮುಟ್ಟುವುದಿಲ್ಲ. ಬಿಡುಗಡೆಯ ನಂತರದ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಮೊದಲ ವಾರ ಆಲ್ಬಮ್ 3,13,000 ಘಟಕಗಳ ಲೆಕ್ಕದಲ್ಲಿ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಘಟಕವೆಂದರೆ ಕೊಂಡ ಪ್ರತಿಗಳು, ಆನ್‌ಲೈನಿನಲ್ಲಿ ಕೇಳಿದ್ದು, ಇಳಿಸಿಕೊಂಡ ಬಿಡಿ ಹಾಡುಗಳು ಎಲ್ಲವನ್ನೂ ಒಂದು ಸೂತ್ರದಂತೆ ಕೂಡಿಸಿದ ಸಂಖ್ಯೆ. ಇದರಲ್ಲಿ ಸುಮಾರು 1,70,000 ಇಡಿಯಾಗಿ ಕೊಂಡ ಆಲ್ಬಮ್‌ಗಳು. ಈ ಅಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಇವರ ಕೇಳುಗರೆಲ್ಲ ಫೋನಿನಲ್ಲಿ ಪುಕ್ಕಟೆ ಕೇಳುವ ಮಕ್ಕಳು ಎಂದುಕೊಂಡವರಿಗೆ ಅದು ಉತ್ತರ. 2000ನೆಯ ಇಸವಿಯ ನಂತರ ಹುಟ್ಟಿದ ಕಲಾವಿದರಲ್ಲಿ ಆ ಪಟ್ಟಿಯ ತುದಿ ಮುಟ್ಟಿದವರು ಇವರೇ ಮೊದಲಿಗರು. ಬ್ರಿಟನ್ನಿನ ಪಟ್ಟಿಯಲ್ಲಿಯೂ ಮೊದಲ ಸ್ಥಾನ ಸಿಕ್ಕಿತು.

ಬಿಡಿಹಾಡಿನ ಕಥೆ ಇನ್ನೂ ಸ್ವಾರಸ್ಯದ್ದು. ‘ಬ್ಯಾಡ್ ಗೈ’ ಅಮೆರಿಕದ ಬಿಡಿಹಾಡುಗಳ ಪಟ್ಟಿಯಲ್ಲಿ ವಾರಗಟ್ಟಲೆ ಎರಡನೆಯ ಸ್ಥಾನದಲ್ಲಿ ನಿಂತಿತ್ತು. ಮೇಲಿದ್ದದ್ದು ಲಿಲ್ ನ್ಯಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’. ಅದು 19 ವಾರ ಅಲ್ಲಾಡದೆ ಕುಳಿತು ದಾಖಲೆ ಮಾಡಿತ್ತು. 2019ರ ಆಗಸ್ಟಿನಲ್ಲಿ ಕೊನೆಗೂ ಅದನ್ನು ಇಳಿಸಿದ್ದು ‘ಬ್ಯಾಡ್ ಗೈ’. ಆದರೆ ನಡುವೆ ಜುಲೈನಲ್ಲಿ ಜಸ್ಟಿನ್ ಬೀಬರ್ ಸೇರಿ ಹಾಡಿದ ಇನ್ನೊಂದು ರೂಪ ಬಂತು, ಅದನ್ನು ಕೇಳಿದ್ದೂ ಅದೇ ಲೆಕ್ಕಕ್ಕೆ ಜಮೆಯಾಯಿತು. ಬಿಲ್ಲಿ ಬಾಲ್ಯದಿಂದ ಬೀಬರ್ ಅವರ ಕಟ್ಟಾ ಅಭಿಮಾನಿ, ಅದರಲ್ಲಿ ಕಪಟವಿಲ್ಲ. ಆದರೂ ಹಾಡನ್ನು ಪಟ್ಟಿಯಲ್ಲಿ ಮೇಲಕ್ಕೆ ತಳ್ಳಲು ಇನ್ನೊಬ್ಬ ತಾರೆಯನ್ನು ಸೇರಿಸಿಕೊಳ್ಳುವುದು ಉದ್ಯಮದ ಹಳೆಯ ಉಪಾಯ. ಕೋಣೆಯೊಳಗಿನ ಹಾಡನ್ನು ಲೋಕಕ್ಕೆ ಮುಟ್ಟಿಸಿದ್ದು ಕೋಣೆಯ ನಿಯಮವಲ್ಲ.

ಗ್ರ್ಯಾಮಿಯನ್ನು ಬೇಗನೆ ಹೇಳಿ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ: 2020ರ ಜನವರಿ 26ರಂದು ವರ್ಷದ ಆಲ್ಬಮ್, ವರ್ಷದ ಧ್ವನಿಮುದ್ರಿಕೆ, ವರ್ಷದ ಹಾಡು, ಅತ್ಯುತ್ತಮ ಹೊಸ ಕಲಾವಿದೆ ಎಂಬ ನಾಲ್ಕು ಪ್ರಧಾನ ಪ್ರಶಸ್ತಿಗಳೂ ಒಂದೇ ರಾತ್ರಿ ಬಂದವು. 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್ ಅವರ ನಂತರ ಹಾಗೆ ಆದದ್ದು ಅದೇ ಮೊದಲು. ಫಿನಿಯಸ್ ಅವರಿಗೆ ವರ್ಷದ ನಿರ್ಮಾಪಕ ಪ್ರಶಸ್ತಿಯೂ ಸಿಕ್ಕಿತು. ಆ ವೇದಿಕೆಯಿಂದಲೇ ಅವರು ತಮ್ಮ ಕೋಣೆಗಳಲ್ಲಿ ಸಂಗೀತ ಮಾಡುತ್ತಿರುವ ಮಕ್ಕಳಿಗೆ ಆ ಗೌರವವನ್ನು ಅರ್ಪಿಸಿದರು.

ಕಡಲಂಚು:

ಆ ಅರ್ಪಣೆಯ ಮಾತೇ ನನ್ನನ್ನು ಮುಂದಿನ ಪ್ರಶ್ನೆಗೆ ತರುತ್ತದೆ. ನಮ್ಮಲ್ಲಿಯೂ ಸಿನಿಮಾದ ಹೊರಗೆ ಕನ್ನಡದಲ್ಲಿ ಸ್ವಂತ ಹಾಡು ಮಾಡುವ ಯುವಕ ಯುವತಿಯರು ಮನೆಯಲ್ಲೇ ಮುದ್ರಿಸುತ್ತಿದ್ದಾರೆ. ಸದ್ದುಗಾರರು ಅಂಥವರ ಕಡತಗಳನ್ನು ಕೈಗೆತ್ತಿಕೊಳ್ಳುವವರಾದ್ದರಿಂದ ಕೇಳುತ್ತೇನೆ: ಈ ಆಲ್ಬಮ್ಮಿನಿಂದ ಅವರು ತೆಗೆದುಕೊಳ್ಳಬಹುದಾದದ್ದು ಏನು, ತೆಗೆದುಕೊಂಡು ಕೆಡುತ್ತಿರುವುದು ಏನು?

ಸದ್ದುಗಾರ:

ಕೆಡುತ್ತಿರುವುದನ್ನು ಮೊದಲು ಹೇಳುತ್ತೇನೆ. ಪಿಸುದನಿಯಲ್ಲಿ ಹಾಡಿ, ಕೆಳಗೆ ಭಾರಿ ಬೇಸ್ ಇಟ್ಟರೆ ಆಯಿತು ಎಂದುಕೊಂಡವರು ಬಹಳ. ಪಿಸುದನಿಯನ್ನು ಮುದ್ರಿಸಲು ಮೈಕಿನ ಗೇನ್ (ಸದ್ದು ಹಿಡಿಯುವ ಮಟ್ಟ) ಏರಿಸಬೇಕು. ಏರಿಸಿದ ಕೂಡಲೇ ಫ್ಯಾನ್, ಪಕ್ಕದ ಮನೆಯ ಕುಕ್ಕರ್, ರಸ್ತೆಯ ಬೈಕು ಎಲ್ಲವೂ ದನಿಯ ಜೊತೆ ಬಂದು ಕೂರುತ್ತವೆ. ಹೈಲ್ಯಾಂಡ್ ಪಾರ್ಕಿನ ಆ ಕೋಣೆಯಲ್ಲಿ ಹಾಸಿಗೆಯಂಥ ಮೆತ್ತನೆಯ ಸಾಮಾನುಗಳಿಂದ ಪ್ರತಿಧ್ವನಿ ತಗ್ಗಿದ್ದಿರಬೇಕು. ನಮ್ಮ ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಗಳಲ್ಲಿ ದನಿ ಗಣಗಣ ಎನ್ನುತ್ತದೆ. ಮೊದಲು ಒಂದೆರಡು ದಪ್ಪ ರಜಾಯಿಗಳನ್ನು ಗಾಯಕರ ಬೆನ್ನ ಹಿಂದೆ ತೂಗುಹಾಕಿ, ಮೈಕ್ ಕೊಳ್ಳುವ ಮಾತು ಆಮೇಲೆ. ಬೇಸಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಫಿನಿಯಸ್ ಸಬ್‌ವೂಫರ್ ಇಟ್ಟುಕೊಂಡಿದ್ದರು, ಆ ಕೆಳಗಿನ ಸ್ವರಗಳು ಅವರಿಗೆ ಕೇಳಿಸುತ್ತಿದ್ದವು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಬೇಸ್ ಕೂರಿಸಿ ನನಗೆ ಕಳಿಸುವವರು ತಮಗೆ ಕೇಳಿಸದ್ದನ್ನೇ ಎರಡು ಪಟ್ಟು ಏರಿಸಿ ಕಳಿಸುತ್ತಾರೆ.

ತೆಗೆದುಕೊಳ್ಳಬಹುದಾದದ್ದು ಕಡಿಮೆ ಮಾಡುವ ಧೈರ್ಯ. ನಮ್ಮ ಹುಡುಗರು ಕಳಿಸುವ ಕಡತದಲ್ಲಿ ವಯಲಿನ್, ಕೊಳಲು, ಪ್ಯಾಡ್, ಮೂರು ಗಿಟಾರ್ ಎಲ್ಲ ಇರುತ್ತವೆ, ದನಿಗೆ ಜಾಗವಿರುವುದಿಲ್ಲ. ಕನ್ನಡದ ಕೇಳುಗರಿಗೆ ಸಾಹಿತ್ಯ ಬೇಕು ಎಂದು ತಂಬೂರಿಯವರು ಹೇಳಿದರಲ್ಲ, ಸಾಹಿತ್ಯ ಕೇಳಿಸಬೇಕಾದರೆ ಉಳಿದವು ಸುಮ್ಮನಿರಬೇಕು. ಜೊತೆಗೆ ಕೈಯಲ್ಲಿ ಹಣವಿದ್ದರೆ ಅದನ್ನು ಮುದ್ರಣಕ್ಕಿಂತ ಮಿಕ್ಸಿಂಗಿಗೆ ಖರ್ಚು ಮಾಡಿ. ಇದನ್ನು ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಬೇಸರವಿಲ್ಲ. ಆ ಆಲ್ಬಮ್ಮಿನಲ್ಲಿ ಹೊರಗಿನವರಿಗೆ ಕೊಟ್ಟ ಧ್ವನಿ ಕೆಲಸವೆಂದರೆ ಮುಖ್ಯವಾಗಿ ಅದೇ.

ತಂಬೂರಿ:

ಒಂದು ಮಾತು ಸೇರಿಸುತ್ತೇನೆ. ಎರಡನೆಯ ಆಲ್ಬಮ್ ‘ಹ್ಯಾಪಿಯರ್ ದ್ಯಾನ್ ಎವರ್’ 2021ರಲ್ಲಿ ಬಂದಾಗ ಅದನ್ನು ಮಾಡಿದ್ದು ಹಳೆಯ ಕೋಣೆಯಲ್ಲಲ್ಲ, ಫಿನಿಯಸ್ ಅವರ ಸ್ವಂತ ಮನೆಯ ನೆಲಮಾಳಿಗೆಯ ಸ್ಟುಡಿಯೋದಲ್ಲಿ. ಕೋಣೆ ಬದಲಾಯಿತು, ಹಣ ಬಂತು, ಸಲಕರಣೆ ಹೆಚ್ಚಿತು. ಆದರೂ ದನಿ ಮೈಕಿಗೆ ಅಷ್ಟೇ ಹತ್ತಿರದಲ್ಲಿತ್ತು, ಬರೆದವರು ಅವರಿಬ್ಬರೇ ಇದ್ದರು. ಹೀಗಾಗಿ ನನ್ನ ತೀರ್ಮಾನ ಅಡ್ಡಗೆರೆಯವರದ್ದೂ ಅಲ್ಲ, ಕೋಣೆಯ ಭಕ್ತರದ್ದೂ ಅಲ್ಲ. ಮೊದಲ ಆಲ್ಬಮ್ಮಿಗೆ ಮುಖ್ಯವಾದದ್ದು ಆ ನಾಲ್ಕು ಗೋಡೆಗಳಿಗಿಂತ ಹೆಚ್ಚಾಗಿ, ಒಬ್ಬರೆದುರು ಇನ್ನೊಬ್ಬರು ಸಂಕೋಚವಿಲ್ಲದೆ ಕೆಟ್ಟದಾಗಿ ಹಾಡಿ ತೋರಿಸಬಲ್ಲ ಸಲಿಗೆ. ಗುರುವಿನ ಎದುರು ಶಿಷ್ಯರಿಗೆ ಅದು ಇರುವುದಿಲ್ಲ. ಕಂಪನಿಯವರ ಎದುರಂತೂ ಇಲ್ಲವೇ ಇಲ್ಲ.

ಅಡ್ಡಗೆರೆ:

ಅದನ್ನು ಒಪ್ಪಬಲ್ಲೆ, ಒಂದು ಷರತ್ತಿನೊಂದಿಗೆ. ಆ ಸಲಿಗೆ ಇರುವ ಅಣ್ಣತಂಗಿಯರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ, ಇಂಟರ್‌ಸ್ಕೋಪ್ ಒಂದೇ ಇದೆ. ಮುಂದಿನ ಚರ್ಚೆಯಲ್ಲಿ ಯಾರಾದರೂ 2013ರಲ್ಲಿ ಬಂದ ನ್ಯೂಜಿಲೆಂಡಿನ ಗಾಯಕಿ ಲಾರ್ಡ್ ಅವರ ‘ಪ್ಯೂರ್ ಹೀರೊಯಿನ್’ ಆಲ್ಬಮ್ಮನ್ನು ಎತ್ತಿಕೊಂಡರೆ ಒಳ್ಳೆಯದು. ಅಲ್ಲಿ ಅಣ್ಣನಿಲ್ಲ, ಆಕ್ಲೆಂಡಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ನಿರ್ಮಾಪಕ ಜೋಯಲ್ ಲಿಟಲ್ ಇದ್ದರು, ಗಾಯಕಿಗೆ 16 ವರ್ಷ, ವಾದ್ಯಗಳು ಇಷ್ಟೇ ಕಡಿಮೆ. ಕಂಪನಿ ಆಕೆಯನ್ನು ಹುಡುಕಿದ್ದು ಹಾಡು ಹಬ್ಬುವುದಕ್ಕೂ ವರ್ಷಗಳ ಮೊದಲೇ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಂಬೂರಿಯವರ ಸಲಿಗೆಯ ವಾದ ಎಷ್ಟು ದೂರ ನಡೆಯುತ್ತದೆ ಎಂಬುದು ತಿಳಿಯುತ್ತದೆ.

ಕಡಲಂಚು:

ಅದಕ್ಕೆ ಬೇರೆ ಚರ್ಚೆಯನ್ನೇ ತೆರೆಯುತ್ತೇನೆ. ಪುಟಬದಿಯವರು ಅಲ್ಲಿ ಸಾಹಿತ್ಯದ ಭಾಗವನ್ನು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಅಷ್ಟರೊಳಗೆ ಎಲ್ಲರೂ ಆ ಆಲ್ಬಮ್ಮನ್ನು ಸಾಧ್ಯವಾದರೆ ಹೆಡ್‌ಫೋನಿನಲ್ಲಿ, ಹಾಡುಗಳ ಕ್ರಮ ಬದಲಿಸದೆ ಒಮ್ಮೆ ಕೇಳಿಕೊಂಡು ಬನ್ನಿ.